ಮಂಡಿ ನೋವಿಗೆ ಯಾವ ರಿಸೆಪ್ಟರ್ ಹಿಡಿಯಬೇಕು?

"ಮಂಡಿ ಸವೆದಿದೆ." ನಮ್ಮ ಕಡೆ ಐವತ್ತು ದಾಟಿದ ಯಾರಾದರೂ ಮಂಡಿ ನೋವು ಅಂತ ಹೋದ್ರೆ, ಡಾಕ್ಟರ್ ಎಕ್ಸ್‌ರೇ ನೋಡಿ ಹೇಳೋ ಮಾತು ಇದು. ಇದನ್ನ ಕೇಳಿದ ಕೂಡಲೇ ಇಂಜಿನಿಯರಿಂಗ್ ಓದೋ ನಮಗೆ ನೆನಪಾಗೋದು ಬೇರಿಂಗ್. ಇಷ್ಟು ವರ್ಷ ತಿರುಗಿದೆ, ಇಷ್ಟು ಭಾರ ಹೊತ್ತಿದೆ, ಸವೆದಿದೆ, ಇನ್ನು ತೆಗೆದು ಹೊಸದು ಹಾಕಬೇಕು. ಮಂಡಿ ಬದಲಾಯಿಸೋ ಆಪರೇಷನ್ ಕೂಡ ಇದೇ ಲೆಕ್ಕದ್ದು. ನಿಜವಾಗಲೂ ಇದು ಬರೀ ಸವೆತ ಆಗಿದ್ರೆ ಇದಕ್ಕೆ ಔಷಧಿ ಹುಡುಕೋದೇ ವ್ಯರ್ಥ. ಸವೆದ ಬುಷ್‌ಗೆ ಯಾರೂ ಮಾತ್ರೆ ಕೊಡಲ್ಲ.

ಆದರೆ ಬೇರಿಂಗ್‌ನಲ್ಲಿ ಜೀವಕೋಶ ಇರಲ್ಲ, ಮಂಡಿಯಲ್ಲಿ ಇರುತ್ತೆ. ಆಸ್ಟಿಯೋಆರ್ಥ್ರೈಟಿಸ್ ಅನ್ನೋ ಕಾಯಿಲೆಯಲ್ಲಿ ಮೂಳೆ ತುದಿಯ ಕಾರ್ಟಿಲೇಜ್ ಹಾಳಾಗೋದು ಉಜ್ಜಿ ಉಜ್ಜಿ ಮಾತ್ರ ಅಲ್ಲ. ಆ ಕಾರ್ಟಿಲೇಜ್ ಒಳಗಿನ ಕೋಶಗಳೇ ಅದನ್ನ ಕತ್ತರಿಸೋ ಕಿಣ್ವಗಳನ್ನ ತಯಾರಿಸುತ್ತವೆ. ಕತ್ತರಿಸು ಅಂತ ಅವಕ್ಕೆ ಆದೇಶ ಬರೋದು ಹೆಚ್ಚಾಗಿ ರಿಸೆಪ್ಟರ್‌ಗಳ ಮೂಲಕ. ಹಾಗಾದ್ರೆ ಆ ರಿಸೆಪ್ಟರನ್ನೇ ಮುಚ್ಚಿದ್ರೆ? ಈ ಒಂದು ಪ್ರಶ್ನೆಯ ಹಿಂದೆ ನೂರಾರು ಲ್ಯಾಬ್‌ಗಳಿವೆ. ಬಯೋಟೆಕ್ ಎರಡನೇ ವರ್ಷದಲ್ಲಿ ನಮಗೆ ಸೆಲ್ ಸಿಗ್ನಲಿಂಗ್ ಪಾಠ ಬಂದಾಗಿನಿಂದ ನಾನು ಇದರ ಬಗ್ಗೆ ಓದುತ್ತಿದ್ದೇನೆ. ಬೇರೆ ಬ್ರಾಂಚಿನವರಿಗೂ ಅರ್ಥವಾಗೋ ಹಾಗೆ ಬರೆಯಲು ಪ್ರಯತ್ನಿಸುತ್ತೇನೆ.

ಮೊದಲು ಪದದ ವಿಷಯ. ಪಠ್ಯಪುಸ್ತಕದಲ್ಲಿ ರಿಸೆಪ್ಟರ್‌ಗೆ ‘ಗ್ರಾಹಕ’ ಅಂತ ಇದೆ. ಗ್ರಾಹಕ ಅಂದ ಕೂಡಲೇ ನನಗೆ ಬ್ಯಾಂಕಿನ ಕ್ಯೂ ಕಣ್ಣಿಗೆ ಬರುತ್ತೆ, ಹಾಗಾಗಿ ರಿಸೆಪ್ಟರ್ ಅಂತಲೇ ಬರೀತೀನಿ. ಇದು ಒಂದು ಪ್ರೋಟೀನ್. ಸಾಮಾನ್ಯವಾಗಿ ಕೋಶದ ಹೊರಪೊರೆಯಲ್ಲಿ ಅರ್ಧ ಹೊರಗೆ, ಅರ್ಧ ಒಳಗೆ ಸಿಕ್ಕಿಕೊಂಡಿರುತ್ತೆ. ಹೊರಗಿನ ತುದಿಗೆ ಸರಿಯಾದ ಅಣು ಬಂದು ಕೂತರೆ ಒಳಗಿನ ತುದಿಯ ಆಕಾರ ಬದಲಾಗುತ್ತದೆ, ಒಳಗೆ ಕೆಲಸ ಶುರುವಾಗುತ್ತದೆ. ಕೆಲವು ರಿಸೆಪ್ಟರ್‌ಗಳು ಅಣುವಿಗೆ ಮಾತ್ರ ಅಲ್ಲ, ಬಿಸಿಗೆ ಅಥವಾ ಒತ್ತಡಕ್ಕೂ ತೆರೆದುಕೊಳ್ಳುತ್ತವೆ.

ಮಂಡಿಯೊಳಗೆ ಏನಿದೆ

ತೊಡೆಮೂಳೆಯ ತುದಿಗೂ ಕಣಕಾಲಿನ ಮೂಳೆಯ ತುದಿಗೂ ಎಳೆ ತೆಂಗಿನಕಾಯಿಯ ತಿರುಳಿನ ಹಾಗೆ ಬೆಳ್ಳಗೆ, ನುಣ್ಣಗೆ ಒಂದು ಪದರ ಅಂಟಿಕೊಂಡಿರುತ್ತೆ. ಸುಮಾರು 2ರಿಂದ 4 ಮಿಲಿಮೀಟರ್ ದಪ್ಪ. ಇದೇ ಕಾರ್ಟಿಲೇಜ್. ಇದರಲ್ಲಿ ಮುಕ್ಕಾಲು ಭಾಗದಷ್ಟು ನೀರು. ಕೊಲಾಜೆನ್ ಎಳೆಗಳ ಬಲೆ, ಆ ಬಲೆಯೊಳಗೆ ನೀರನ್ನ ಹಿಡಿದಿಟ್ಟುಕೊಳ್ಳೋ ಆಗ್ರಿಕಾನ್ ಅನ್ನೋ ದೊಡ್ಡ ಅಣು. ಭಾರ ಬಿದ್ದಾಗ ನೀರು ನಿಧಾನಕ್ಕೆ ಹೊರಗೆ ಜಾರುತ್ತೆ, ಭಾರ ಇಳಿದಾಗ ಮತ್ತೆ ಒಳಗೆ ಬರುತ್ತೆ. ಮೆಕ್ಯಾನಿಕಲ್‌ನವರು ಇದನ್ನ ಡ್ಯಾಂಪರ್ ಅಂತ ಕರೀಬಹುದು.

ಇಷ್ಟೆಲ್ಲದರ ಮಧ್ಯೆ ಕಾಂಡ್ರೋಸೈಟ್ ಅನ್ನೋ ಕೋಶಗಳು ಅಲ್ಲೊಂದು ಇಲ್ಲೊಂದು ಇವೆ. ಒಟ್ಟು ಜಾಗದಲ್ಲಿ ನೂರಕ್ಕೆ 2ರಷ್ಟು. ಸುತ್ತ ರಕ್ತನಾಳ ಇಲ್ಲ, ನರ ಇಲ್ಲ. ದೂರದ ತೋಟದ ಒಂಟಿ ಮನೆಯ ಹಾಗೆ. ಈ ಎರಡು ‘ಇಲ್ಲ’ಗಳನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ರಕ್ತನಾಳ ಇಲ್ಲ ಅಂದ್ರೆ ನುಂಗಿದ ಮಾತ್ರೆ ಅಲ್ಲಿಗೆ ತಲುಪೋದು ಕಷ್ಟ. ನರ ಇಲ್ಲ ಅಂದ್ರೆ ಕಾರ್ಟಿಲೇಜ್‌ಗೆ ತಾನೇ ನೋವಾಗಲ್ಲ. ನೋವು ಬರೋದು ಪಕ್ಕದ ಮೂಳೆ, ಕೀಲಿನ ಚೀಲ, ಅದರ ಒಳಪೊರೆ ಇವುಗಳಿಂದ. ಅದಕ್ಕೇ ಎಕ್ಸ್‌ರೇಯಲ್ಲಿ ಮಂಡಿ ತುಂಬಾ ಹಾಳಾದವರು ಕೆಲವರು ಆರಾಮಾಗಿ ಓಡಾಡ್ತಾರೆ, ಸ್ವಲ್ಪ ಹಾಳಾದವರು ಕೆಲವರು ಮೆಟ್ಟಿಲು ಹತ್ತೋಕಾಗದೆ ಅಳ್ತಾರೆ.

ಕೋಶಗಳಿಗೆ ಕತ್ತರಿಸೋ ಆದೇಶ ಎಲ್ಲಿಂದ ಬರುತ್ತೆ? ಒಂದು ಮೂಲ ಉರಿಯೂತದ ಅಣುಗಳು, ಉದಾಹರಣೆಗೆ ಐಎಲ್-1. ಇನ್ನೊಂದು, ಮುರಿದ ಕಾರ್ಟಿಲೇಜ್‌ನ ಚೂರುಗಳೇ. ಆ ಚೂರುಗಳು ಕೋಶದ ರಿಸೆಪ್ಟರ್ ಮೇಲೆ ಹೋಗಿ ಕೂತು ಇನ್ನಷ್ಟು ಕಿಣ್ವ ಬಿಡಿಸುತ್ತವೆ, ಕಿಣ್ವ ಇನ್ನಷ್ಟು ಚೂರು ಮಾಡುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಪಾಸಿಟಿವ್ ಫೀಡ್‌ಬ್ಯಾಕ್ ಅಂತ ಹೇಳಬೇಕಾಗಿಲ್ಲ. ಕತ್ತರಿಸೋ ಕಿಣ್ವಗಳಲ್ಲಿ ಮುಖ್ಯವಾದವು ಎಂಎಂಪಿ-13 ಮತ್ತು ಅಡಾಮ್ಟ್ಸ್-5. ಮೊದಲನೆಯದು ಕೊಲಾಜೆನ್ ಬಲೆಯನ್ನ ಕತ್ತರಿಸುತ್ತೆ, ಎರಡನೆಯದು ಆಗ್ರಿಕಾನ್ ಅನ್ನು.

ಮೂರನೇ ಮೂಲ ಒತ್ತಡ. ಇಲ್ಲಿ ನಮ್ಮೂರಿನ ವಿಷಯ ಬರುತ್ತೆ. ನಮ್ಮದು ತಿಪಟೂರು ತಾಲ್ಲೂಕಿನ ಹೊನ್ನವಳ್ಳಿ. ಉಂಡೆ ಕೊಬ್ಬರಿ ಮಾಡೋ ಊರು. ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಮೇಲೆ ಗಂಡಸರು ನಿಂತು ಸಿಪ್ಪೆ ಸುಲೀತಾರೆ, ಹೆಂಗಸರು ಕೂತು ಚಿಪ್ಪು ಒಡೆದು ಉಂಡೆ ಬಿಡಿಸ್ತಾರೆ. ಕೂತು ಅಂದ್ರೆ ಕುಕ್ಕರಗಾಲಲ್ಲಿ, ಬೆಳಿಗ್ಗೆಯಿಂದ ಸಂಜೆವರೆಗೆ. ಹೀಗೆ ಕೂರೋದಕ್ಕೂ ಮಂಡಿ ಕಾಯಿಲೆಗೂ ನಂಟಿದೆ ಅಂತ ಬೀಜಿಂಗ್‌ನಲ್ಲಿ ನಡೆದ ಒಂದು ದೊಡ್ಡ ಅಧ್ಯಯನ 2004ರಲ್ಲಿ ತೋರಿಸಿದೆ. ವಯಸ್ಸಿನಲ್ಲಿ ದಿನಾ ಹೆಚ್ಚು ಹೊತ್ತು ಕುಕ್ಕರಗಾಲಲ್ಲಿ ಕೂರುತ್ತಿದ್ದವರಿಗೆ ಮುದಿತನದಲ್ಲಿ ಮಂಡಿಯ ಆಸ್ಟಿಯೋಆರ್ಥ್ರೈಟಿಸ್ ಹೆಚ್ಚು. ಕೋಶದ ಮಟ್ಟದಲ್ಲಿ ಇದನ್ನ ವಿವರಿಸೋ ಒಂದು ಸುಳಿವು 2014ರಲ್ಲಿ ಸಿಕ್ಕಿತು. ಕಾಂಡ್ರೋಸೈಟ್‌ಗಳ ಪೊರೆಯಲ್ಲಿ ಪೀಜೋ-1, ಪೀಜೋ-2 ಅನ್ನೋ ಎರಡು ಬಾಗಿಲುಗಳಿವೆ. ಜೋರಾದ ಒತ್ತಡ ಬಿದ್ದಾಗ ಇವು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ, ಅತಿಯಾದರೆ ಕೋಶ ಸಾಯುತ್ತೆ. ಟರಾಂಟುಲಾ ಜೇಡದ ವಿಷದಲ್ಲಿರೋ ಒಂದು ಚಿಕ್ಕ ಪ್ರೋಟೀನ್ ಹಾಕಿ ಆ ಬಾಗಿಲನ್ನ ಮುಚ್ಚಿದಾಗ ಲ್ಯಾಬಿನಲ್ಲಿ ಸಾಯೋ ಕೋಶಗಳು ಕಡಿಮೆಯಾದವು.

ಅಂದ್ರೆ ಡಾಕ್ಟರ್ ಹೇಳೋ ‘ಸವೆತ’ದಲ್ಲೂ ಮಧ್ಯೆ ಒಂದು ರಿಸೆಪ್ಟರ್ ಕೂತಿದೆ.

ಪರೀಕ್ಷೆ ಮಾಡೋದು ಹೇಗೆ

ಒಂದು ರಿಸೆಪ್ಟರ್ ಮೇಲೆ ಅನುಮಾನ ಬಂತು ಅಂದುಕೊಳ್ಳಿ. ಮೊದಲು ಅದು ಕಾಯಿಲೆ ಇರೋ ಕಾರ್ಟಿಲೇಜ್‌ನಲ್ಲಿ ಇದೆಯಾ, ಆರೋಗ್ಯವಾದದ್ದಕ್ಕಿಂತ ಹೆಚ್ಚಿದೆಯಾ ನೋಡ್ತಾರೆ. ಇದಕ್ಕೆ ಸ್ಯಾಂಪಲ್ ಸಿಗೋದು ಮಂಡಿ ಬದಲಾಯಿಸೋ ಆಪರೇಷನ್‌ನಲ್ಲಿ ತೆಗೆದುಹಾಕಿದ ತುಂಡುಗಳಿಂದ, ರೋಗಿಯ ಒಪ್ಪಿಗೆ ತಗೊಂಡು. ಆಮೇಲೆ ಆ ರಿಸೆಪ್ಟರ್‌ನ ಜೀನ್ ತೆಗೆದ ಇಲಿ. ಅದರ ಮಂಡಿಯೊಳಗಿನ ಮೆನಿಸ್ಕಸ್‌ನ ಒಂದು ಕಟ್ಟನ್ನ ಕತ್ತರಿಸಿ, ಕೀಲು ಅಲ್ಲಾಡೋ ಹಾಗೆ ಮಾಡ್ತಾರೆ. ಸಾಮಾನ್ಯ ಇಲಿಗೆ ಕೆಲವೇ ವಾರಗಳಲ್ಲಿ ಕಾಯಿಲೆ ಬರುತ್ತೆ. ರಿಸೆಪ್ಟರ್ ಇಲ್ಲದ ಇಲಿಗೆ ಬರದಿದ್ರೆ ಅನುಮಾನ ಗಟ್ಟಿಯಾಯ್ತು. ಕೊನೆಗೆ ಅದನ್ನ ಮುಚ್ಚೋ ಅಥವಾ ತೆರೆಯೋ ಅಣು ಹುಡುಕೋದು.

ಪೇಪರ್‌ನಲ್ಲಿ ‘ಮಂಡಿ ನೋವಿಗೆ ಮದ್ದು ಪತ್ತೆ’ ಅಂತ ಬರೋ ಸುದ್ದಿಯಲ್ಲಿ ಬಹಳಷ್ಟು ಇಲಿಯ ಹಂತದಲ್ಲೇ ನಿಂತಿರುತ್ತವೆ. ಇಲಿಯ ಮಂಡಿಯ ಕಾರ್ಟಿಲೇಜ್ ಸುಮಾರು 0.05 ಮಿಲಿಮೀಟರ್ ದಪ್ಪ, ಅಂದ್ರೆ ಒಂದು ತಲೆಗೂದಲಿನಷ್ಟು. ಅಲ್ಲಿ ಕೆಲಸ ಮಾಡಿದ ಔಷಧಿ ನಮ್ಮ ದಪ್ಪ ಪದರದ ತಳದವರೆಗೂ ಇಳಿಯುತ್ತೆ ಅನ್ನೋಕೆ ಗ್ಯಾರಂಟಿ ಇಲ್ಲ. ನನ್ನ ಪ್ರಕಾರ ಇಲಿಗಿಂತ ದೊಡ್ಡ ತೊಂದರೆ ಬೇರೆ ಇದೆ. ದೇಹ ಯಾವ ರಿಸೆಪ್ಟರನ್ನೂ ಒಂದೇ ಕೆಲಸಕ್ಕೆ ಇಟ್ಟಿಲ್ಲ.

ಮೆಣಸಿನಕಾಯಿಯ ರಿಸೆಪ್ಟರ್

ಮೊದಲ ಉದಾಹರಣೆ ಟಿಆರ್‌ಪಿವಿ-1. ಹೆಸರು ಹೊಸದಾದರೂ ಪರಿಚಯ ಎಲ್ಲರಿಗೂ ಇದೆ. ಖಾರ ತಿಂದಾಗ ನಾಲಿಗೆ ಉರಿಯೋದು ಇದರಿಂದಲೇ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನರದ ತುದಿಯ ಈ ರಿಸೆಪ್ಟರನ್ನ ತೆರೆಯುತ್ತೆ. 43 ಡಿಗ್ರಿಗಿಂತ ಹೆಚ್ಚಿನ ಬಿಸಿಯೂ ಅದನ್ನೇ ತೆರೆಯುತ್ತೆ, ಅದಕ್ಕೇ ಖಾರ ‘ಬಿಸಿ’ ಅನ್ನಿಸೋದು. (ಬ್ಯಾಡಗಿ ಮೆಣಸಿನಕಾಯಿ ಅಷ್ಟು ಕೆಂಪಗಿದ್ದರೂ ಅದರಲ್ಲಿ ಕ್ಯಾಪ್ಸೈಸಿನ್ ಕಡಿಮೆ. ಬಣ್ಣ ನೋಡಿ ಹೆದರಬೇಡಿ.) ಕ್ಯಾಲಿಫೋರ್ನಿಯಾದಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಇದನ್ನ 1997ರಲ್ಲಿ ಪತ್ತೆ ಮಾಡಿತು. ನೋವಿನ ನರಗಳ ಸಾವಿರಾರು ಜೀನ್‌ಗಳನ್ನ ಖಾರವೇ ಗೊತ್ತಾಗದ ಕೋಶಗಳಿಗೆ ಹಾಕುತ್ತಾ ಹೋಗಿ, ಯಾವುದನ್ನ ಹಾಕಿದಾಗ ಕೋಶ ಕ್ಯಾಪ್ಸೈಸಿನ್‌ಗೆ ಬೆಚ್ಚಿತು ಅಂತ ನೋಡಿದರು. 2021ರ ನೊಬೆಲ್ ಅವರಿಗೂ, ಪೀಜೋ ಪತ್ತೆ ಮಾಡಿದ ಆರ್ಡೆಮ್ ಪಟಪೂಟಿಯನ್ ಅವರಿಗೂ ಬಂತು. ಅಂದ್ರೆ ಆ ವರ್ಷದ ಎರಡೂ ರಿಸೆಪ್ಟರ್‌ಗಳು ಮಂಡಿಗೆ ಸಂಬಂಧಪಟ್ಟವೇ!

ಈ ರಿಸೆಪ್ಟರನ್ನ ಮುಚ್ಚಿದ್ರೆ ನೋವು ಹೋಗಬೇಕು, ಅಲ್ವಾ? ಮುಚ್ಚೋ ಮಾತ್ರೆಗಳನ್ನ ಕಂಪನಿಗಳು ಮಾಡಿದವು. ಆಮ್ಜೆನ್ ಕಂಪನಿಯ ಎಎಂಜಿ-517 ಅನ್ನೋ ಮಾತ್ರೆ ತಗೊಂಡವರಲ್ಲಿ ಕೆಲವರಿಗೆ ಮೈ ಬಿಸಿ 40 ಡಿಗ್ರಿವರೆಗೆ ಏರಿತು. ಮೈಯ ಉಷ್ಣತೆ ಕಾಯೋ ಕೆಲಸವನ್ನೂ ಅದೇ ರಿಸೆಪ್ಟರ್ ಮಾಡುತ್ತಿತ್ತು. ಇನ್ನು ಕೆಲವು ಮಾತ್ರೆಗಳಲ್ಲಿ ಕೈಗೆ ಸುಡುನೀರಿನ ಅರಿವೇ ಕಡಿಮೆಯಾಯಿತು. ಒಲೆ ಮುಂದೆ ಕೆಲಸ ಮಾಡೋರಿಗೆ ಇದನ್ನ ಕೊಡೋದು ಹೇಗೆ?

ತಮಾಷೆ ಅಂದ್ರೆ ಉಲ್ಟಾ ದಾರಿ ಸ್ವಲ್ಪ ಕೆಲಸ ಮಾಡಿತು. ಕ್ಯಾಪ್ಸೈಸಿನ್ ಇರೋ ಮುಲಾಮನ್ನ ದಿನಾ ಮಂಡಿಗೆ ಹಚ್ಚಿದ್ರೆ ಮೊದಲು ಉರಿ, ಕೆಲವು ದಿನ ಬಿಟ್ಟು ಆ ನರದ ತುದಿಗಳೇ ಸುಸ್ತಾಗಿ ಸುಮ್ಮನಾಗುತ್ತವೆ. 0.025 ಪರ್ಸೆಂಟ್‌ನ ಮುಲಾಮು ಮೆಡಿಕಲ್ ಶಾಪ್‌ಗಳಲ್ಲಿ ಬಹಳ ಹಿಂದಿನಿಂದ ಇದೆ. ಹಚ್ಚಿದ ಮೇಲೆ ಕೈ ತೊಳೀದೆ ಕಣ್ಣು ಮುಟ್ಟಿಕೊಳ್ಳಬಾರದು ಅಷ್ಟೇ. ಇದರಿಂದ ನೋವು ಸ್ವಲ್ಪ ತಗ್ಗುತ್ತೆ, ಕಾರ್ಟಿಲೇಜ್ ಹಾಗೇ ಇರುತ್ತೆ.

ನೋವು ಹೋಯ್ತು, ಮಂಡಿಯೂ ಹೋಯ್ತು

ನನ್ನನ್ನ ಬಹಳ ಯೋಚನೆಗೆ ಹಚ್ಚಿದ್ದು ಎರಡನೇ ಉದಾಹರಣೆ. ಎನ್‌ಜಿಎಫ್ ಅನ್ನೋದು ನರಗಳನ್ನ ಬೆಳೆಸೋ ಪ್ರೋಟೀನ್. ಇದನ್ನ ಪತ್ತೆ ಮಾಡಿದ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಬಂತು. ಇದು ಕೂರೋ ರಿಸೆಪ್ಟರ್ ಹೆಸರು ಟಿಆರ್‌ಕೆ-ಎ. ಕಾಯಿಲೆ ಬಂದ ಕೀಲಿನಲ್ಲಿ ಎನ್‌ಜಿಎಫ್ ಹೆಚ್ಚಾಗುತ್ತೆ, ಅದು ನೋವಿನ ನರಗಳನ್ನ ಸೂಕ್ಷ್ಮ ಮಾಡುತ್ತೆ. ಟನೆಜುಮ್ಯಾಬ್ ಅನ್ನೋ ಆಂಟಿಬಾಡಿ ಎನ್‌ಜಿಎಫ್ ಅನ್ನ ದಾರಿಯಲ್ಲೇ ಹಿಡಿದು ರಿಸೆಪ್ಟರ್‌ವರೆಗೆ ಹೋಗದ ಹಾಗೆ ಮಾಡುತ್ತೆ.

2010ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆರಗು ಮಾಡಿತು. ನಡೆಯುವಾಗಿನ ಮಂಡಿ ನೋವು, ಡೋಸ್‌ಗೆ ತಕ್ಕಂತೆ, 45ರಿಂದ 62 ಪರ್ಸೆಂಟ್ ಕಡಿಮೆ. ಸುಳ್ಳು ಔಷಧಿ ಕೊಟ್ಟವರಲ್ಲಿ 22 ಪರ್ಸೆಂಟ್. ಮಂಡಿ ನೋವಿನ ಔಷಧಿಗಳಲ್ಲಿ ಇಂಥ ಅಂಕಿ ಅಪರೂಪ. ಅದೇ ವರ್ಷ ಅಮೆರಿಕದ ಎಫ್‌ಡಿಎ ಪ್ರಯೋಗಗಳನ್ನ ನಿಲ್ಲಿಸಿತು. ಯಾಕಂದ್ರೆ ಕೆಲವರ ಕೀಲುಗಳು ಬೇಗ ಬೇಗ ಕುಸಿದು, ಬದಲಾಯಿಸೋ ಆಪರೇಷನ್‌ವರೆಗೆ ಹೋದವು. ಜೊತೆಗೆ ಮಾಮೂಲಿ ನೋವಿನ ಮಾತ್ರೆಗಳನ್ನೂ ತಗೊಳ್ಳುತ್ತಿದ್ದವರಲ್ಲಿ ಇದು ಹೆಚ್ಚು. ಡೋಸ್ ತಗ್ಗಿಸಿ, ನಿಯಮ ಹಾಕಿ ಮತ್ತೆ ವರ್ಷಗಟ್ಟಲೆ ಪ್ರಯೋಗ ನಡೆಯಿತು. 2021ರ ಮಾರ್ಚ್‌ನಲ್ಲಿ ಎಫ್‌ಡಿಎ ಸಲಹಾ ಸಮಿತಿ 19-1 ಮತಗಳಿಂದ ಬೇಡ ಅಂದಿತು. ಆ ವರ್ಷವೇ ಫೈಜರ್ ಕೈಬಿಟ್ಟಿತು.

ಇದಕ್ಕೆ ಮುನ್ಸೂಚನೆ ಇರಲಿಲ್ಲ ಅಂತ ಹೇಳೋಕಾಗಲ್ಲ. ಟಿಆರ್‌ಕೆ-ಎ ಜೀನ್ ಕೆಟ್ಟು ಹುಟ್ಟೋ ಮಕ್ಕಳು ಇದ್ದಾರೆ, ತುಂಬಾ ಅಪರೂಪ. 1996ರಲ್ಲಿ ಜಪಾನಿನ ಸಂಶೋಧಕರು ಇದನ್ನ ಗುರುತಿಸಿದರು. ಆ ಮಕ್ಕಳಿಗೆ ನೋವೇ ಗೊತ್ತಾಗಲ್ಲ, ಬೆವರೂ ಬರಲ್ಲ. ಅವರ ಕೀಲುಗಳು ಚಿಕ್ಕ ವಯಸ್ಸಿನಲ್ಲೇ ಹಾಳಾಗುತ್ತವೆ, ಯಾಕಂದ್ರೆ ‘ಸಾಕು, ಕಾಲು ಮಡಿಸು’ ಅಂತ ಹೇಳೋರು ಒಳಗೆ ಯಾರೂ ಇಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ನರ ಸತ್ತವರಲ್ಲೂ ಕೀಲು ಹೀಗೇ ಕುಸಿಯೋದುಂಟು.

ಈ ಕಥೆಯನ್ನ ರಜೆಯಲ್ಲಿ ನಮ್ಮಜ್ಜಿಗೆ ಹೇಳಿದೆ. ಅವರಿಗೆ ಎರಡೂ ಮಂಡಿ ನೋವು. ಪೂರ್ತಿ ಕೇಳಿಸಿಕೊಂಡು ಅಂದ್ರು: "ನೋವೊಂದು ಹೋಗ್ಲಿ ಕಣವ್ವ. ಮಂಡಿ ಇದ್ದು ಇನ್ನೇನು ಓಟದ ಪಂದ್ಯಕ್ಕೆ ಹೋಗ್ಬೇಕಾ ನಾನು?"

"ಅಜ್ಜಿ, ನೋವು ಹೋದ್ರೆ ನೀನು ಮಾರನೇ ದಿನವೇ ಕೊಬ್ಬರಿ ಒಡೆಯೋಕೆ ಕೂತ್ಕೋತೀಯ."

"ಕೂತ್ಕೊಳ್ದೆ? ಮತ್ಯಾಕೆ ನೋವು ಹೋಗೋದು?"

ಇದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ. 19 ಜನ ತಜ್ಞರ ಲೆಕ್ಕ ಸರಿ ಅಂತಲೇ ನನಗೆ ಅನ್ನಿಸುತ್ತೆ. ಆದರೆ ಆ ಪ್ರಯೋಗದಲ್ಲಿ ಕೀಲು ಕುಸಿದವರು ಸ್ವಲ್ಪ ಜನ, ನೋವಿಲ್ಲದೆ ನಡೆದವರು ಬಹಳ ಜನ. ಅಜ್ಜಿ ಅಂಗಡಿಯಿಂದ ತರಿಸಿ ನುಂಗೋ ಮಾತ್ರೆಯೂ ಹೊಟ್ಟೆಗೆ, ಕಿಡ್ನಿಗೆ ಒಳ್ಳೆಯದಲ್ಲ. ಯಾವ ಅಪಾಯ ಯಾರು ಆರಿಸಿಕೊಳ್ಳಬೇಕು ಅನ್ನೋದನ್ನ ಸೆಲ್ ಸಿಗ್ನಲಿಂಗ್ ಪುಸ್ತಕ ಹೇಳಿಕೊಡಲ್ಲ.

ಕಾರ್ಟಿಲೇಜ್ ಬೆಳೀತು, ನೋವು ಹೋಗಲಿಲ್ಲ

ಇದರ ಉಲ್ಟಾ ಉದಾಹರಣೆಯೂ ಇದೆ. ಎಫ್‌ಜಿಎಫ್‌ಆರ್-3 ಕಾಂಡ್ರೋಸೈಟ್‌ಗಳ ಮೇಲಿರೋ ರಿಸೆಪ್ಟರ್. ಇದು ಹುಟ್ಟಿನಿಂದಲೇ ಅತಿಯಾಗಿ ಕೆಲಸ ಮಾಡಿದ್ರೆ ಮೂಳೆ ಉದ್ದ ಬೆಳೆಯದೆ ಕುಬ್ಜತನ ಬರುತ್ತೆ. ಆದರೆ ದೊಡ್ಡವರ ಮಂಡಿಯಲ್ಲಿ ಇದನ್ನ ಎಬ್ಬಿಸಿದ್ರೆ ಕೋಶಗಳು ಹೊಸ ಕಾರ್ಟಿಲೇಜ್ ಕಟ್ಟುತ್ತವೆ. ಸ್ಪ್ರಿಫರ್ಮಿನ್ ಅನ್ನೋ ಇಂಜೆಕ್ಷನ್ ಮಾಡೋದು ಇದನ್ನೇ. 549 ಜನರ ಮೇಲೆ ನಡೆದ ಪ್ರಯೋಗದ ವರದಿ 2019ರಲ್ಲಿ ಬಂತು. ಎರಡು ವರ್ಷದ ಕೊನೆಗೆ, ಹೆಚ್ಚಿನ ಡೋಸ್ ಪಡೆದವರ ಕಾರ್ಟಿಲೇಜ್ ಸುಳ್ಳು ಔಷಧಿ ಪಡೆದವರಿಗಿಂತ 0.05 ಮಿಲಿಮೀಟರ್ ದಪ್ಪ ಇತ್ತು. (ಹೌದು, ಒಂದು ಇಲಿಯ ಪೂರ್ತಿ ಕಾರ್ಟಿಲೇಜ್‌ನಷ್ಟು.) ನೋವಿನಲ್ಲಿ ಮಾತ್ರ ಹೇಳಿಕೊಳ್ಳೋ ವ್ಯತ್ಯಾಸ ಬರಲಿಲ್ಲ.

ಒಂದು ರಿಸೆಪ್ಟರ್ ಹಿಡಿದವರಿಗೆ ನೋವು ಹೋಗಿ ಕೀಲು ಉಳಿಯಲಿಲ್ಲ, ಇನ್ನೊಂದನ್ನ ಹಿಡಿದವರಿಗೆ ಕೀಲು ಬೆಳೆದು ನೋವು ಹೋಗಲಿಲ್ಲ. ಕಾರ್ಟಿಲೇಜ್‌ನಲ್ಲಿ ನರ ಇಲ್ಲ ಅಂತ ಮೊದಲೇ ಹೇಳಿದ್ದೆನಲ್ಲ, ಅದನ್ನ ಇಲ್ಲಿ ಜೋಡಿಸಿಕೊಳ್ಳಿ. ನೋವಿನ ದಾರಿಯೇ ಬೇರೆ, ಕಾರ್ಟಿಲೇಜ್‌ನ ದಾರಿಯೇ ಬೇರೆ.

ಈಚೆಗೆ ದೊಡ್ಡ ಸುದ್ದಿ ಮಾಡಿದ್ದು ಜಿಎಲ್‌ಪಿ-1 ರಿಸೆಪ್ಟರ್. ತೂಕ ಇಳಿಸೋ ಸೆಮಾಗ್ಲುಟೈಡ್ ಕೂರೋದು ಇದರ ಮೇಲೆ. 2024ರ ವರದಿಯಲ್ಲಿ, 68 ವಾರಗಳಲ್ಲಿ, ನೋವಿನ ಅಂಕ 41.7 ಇಳಿಯಿತು, ಸುಳ್ಳು ಔಷಧಿಯಲ್ಲಿ 27.5. ಚೆನ್ನಾಗಿದೆ. ಆದರೆ ಅದರಲ್ಲಿ ಇದ್ದವರೆಲ್ಲ ಬೊಜ್ಜಿನವರು. ದಿನವಿಡೀ ದುಡಿದು ಕಡ್ಡಿಯಾದ ನಮ್ಮೂರ ಹೆಂಗಸರಿಗೆ ಇಳಿಸೋಕೆ ತೂಕವೇ ಇಲ್ಲ.

ತಲುಪಿಸೋ ಲೆಕ್ಕ

ಇಲ್ಲಿ ಒಂದು ಚಿಕ್ಕ ಸೂತ್ರ. ಔಷಧಿಯ ಸಾಂದ್ರತೆ ‘ಸಿ’, ರಿಸೆಪ್ಟರ್‌ಗೆ ಅದು ಎಷ್ಟು ಬಿಗಿಯಾಗಿ ಅಂಟುತ್ತೆ ಅನ್ನೋ ಸಂಖ್ಯೆ ‘ಕೆಡಿ’. ತುಂಬಿದ ರಿಸೆಪ್ಟರ್‌ಗಳ ಭಾಗ = ಸಿ ÷ (ಸಿ + ಕೆಡಿ). ಸಿ ಕೆಡಿಯಷ್ಟೇ ಇದ್ದರೆ ಅರ್ಧ ತುಂಬುತ್ತೆ. 90 ಪರ್ಸೆಂಟ್ ತುಂಬಬೇಕಾದ್ರೆ 9 ಪಟ್ಟು ಬೇಕು, 99 ಪರ್ಸೆಂಟ್‌ಗೆ 99 ಪಟ್ಟು. ಈಗ ರಕ್ತನಾಳವೇ ಇಲ್ಲದ ಕಾರ್ಟಿಲೇಜ್‌ನಲ್ಲಿ ಆ 9 ಪಟ್ಟು ಮುಟ್ಟಿಸಬೇಕು ಅಂತ ಮಾತ್ರೆ ನುಂಗಿದ್ರೆ, ಅಷ್ಟರಲ್ಲಿ ಮಿದುಳು, ಲಿವರ್, ಕಿಡ್ನಿಯಲ್ಲಿರೋ ಅದೇ ರಿಸೆಪ್ಟರ್‌ಗಳು ಪೂರ್ತಿ ತುಂಬಿ ಹೋಗಿರುತ್ತವೆ. ಅಡ್ಡಪರಿಣಾಮದ ಅರ್ಧ ಕಥೆ ಇಷ್ಟೇ.

ಹಾಗಾದ್ರೆ ನೇರ ಮಂಡಿಗೇ ಇಂಜೆಕ್ಷನ್ ಕೊಡೋಣ ಅಂದ್ರೆ, ಕೀಲಿನ ದ್ರವ ಸದಾ ಹೊಸದಾಗುತ್ತಿರುತ್ತೆ. ಚಿಕ್ಕ ಅಣುಗಳು ಗಂಟೆಗಳಲ್ಲಿ ತೊಳೆದು ಹೋಗುತ್ತವೆ. ತಿಂಗಳಿಗೆ ಒಂದು ಇಂಜೆಕ್ಷನ್ ಸಹಿಸಬಹುದು, ದಿನಕ್ಕೊಂದು ಯಾರು ತಗೋತಾರೆ?

ಈ ಭಾಗದಲ್ಲಿ ಕೆಲಸ ನಡೀತಿರೋದು ನಮ್ಮ ಬೆಂಗಳೂರಿನಲ್ಲೇ. ಐಐಎಸ್‌ಸಿಯಲ್ಲಿ ರಚಿತ್ ಅಗರ್ವಾಲ್ ಅವರ ಲ್ಯಾಬ್ ರಾಪಮೈಸಿನ್ ಅನ್ನೋ ಔಷಧಿಯನ್ನ ಪಿಎಲ್‌ಜಿಎ ಅನ್ನೋ ಪಾಲಿಮರ್‌ನ ಸಣ್ಣ ಕಣಗಳಲ್ಲಿ ತುಂಬಿತು. ತಾನೇ ಕರಗೋ ಹೊಲಿಗೆ ದಾರಕ್ಕೆ ಬಳಸೋದೂ ಇದೇ ಪಾಲಿಮರ್. ಕಣ ಕರಗುತ್ತಾ ಹೋದ ಹಾಗೆ ಔಷಧಿ ವಾರಗಟ್ಟಲೆ ಸ್ವಲ್ಪ ಸ್ವಲ್ಪ ಹೊರಬರುತ್ತೆ. ಇಲಿಗಳ ಮಂಡಿಗೆ ಕೊಟ್ಟಾಗ ಕಾರ್ಟಿಲೇಜ್ ಹಾಳಾಗೋದು ಕಡಿಮೆಯಾಯಿತು. ರಾಪಮೈಸಿನ್ ಹಿಡಿಯೋದು ಪೊರೆಯ ಮೇಲಿನ ರಿಸೆಪ್ಟರನ್ನಲ್ಲ, ಕೋಶದ ಒಳಗಿರೋ ಎಂಟಾರ್ ಅನ್ನೋ ಕಿಣ್ವವನ್ನ. ಅದು ತಗ್ಗಿದಾಗ ಕೋಶ ತನ್ನೊಳಗಿನ ಕಸವನ್ನ ತಾನೇ ಒಡೆದು ಬಳಸಿಕೊಳ್ಳುತ್ತೆ, ಮುದಿಯಾಗೋದು ನಿಧಾನವಾಗುತ್ತೆ. ಈ ಅಣುವನ್ನ ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ 1970ರ ದಶಕದಲ್ಲಿ ಬೇರ್ಪಡಿಸಿದವರು ಸುರೇಂದ್ರನಾಥ್ ಸೆಹಗಲ್, ಭಾರತ ಮೂಲದ ವಿಜ್ಞಾನಿ. ರಾಪಮೈಸಿನ್‌ಗೂ ಎರಡನೇ ಕೆಲಸ ಇದ್ದೇ ಇದೆ. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ರೋಗನಿರೋಧಕ ಶಕ್ತಿ ತಗ್ಗಿಸೋಕೆ ಕೊಡೋ ಔಷಧಿ ಇದು. ಮಾತ್ರೆಯಾಗಿ ವರ್ಷಗಟ್ಟಲೆ ಮಂಡಿ ನೋವಿಗೆ ಕೊಡೋಕಾಗಲ್ಲ. ಮಂಡಿಯ ಚೀಲದೊಳಗೇ ಉಳಿಸಿದ್ರೆ ಕೊಡಬಹುದೇನೋ.

ನನಗೆ ಈ ದಾರಿ ಇಷ್ಟವಾಗಿದ್ದು ಇದಕ್ಕೇ. ದೇಹದಲ್ಲೆಲ್ಲೂ ಇರದ, ಮಂಡಿಯಲ್ಲಿ ಮಾತ್ರ ಇರೋ ರಿಸೆಪ್ಟರ್ ಬಹುಶಃ ಸಿಗಲ್ಲ. ಸಿಕ್ಕಿರೋ ರಿಸೆಪ್ಟರ್‌ಗೆ ಔಷಧಿಯನ್ನ ಮಂಡಿಯಲ್ಲೇ ಕಟ್ಟಿಹಾಕೋದು ಮೆಟೀರಿಯಲ್ಸ್, ಕೆಮಿಕಲ್, ಮೆಕ್ಯಾನಿಕಲ್‌ನವರು ಸೇರಿ ಮಾಡಬಹುದಾದ ಕೆಲಸ. ಒಂದು ಕಣದಲ್ಲಿ ಕಾರ್ಟಿಲೇಜ್‌ಗೆ ಒಂದು ಔಷಧಿ, ನೋವಿಗೆ ಇನ್ನೊಂದು, ಎರಡೂ ಬೇರೆ ಬೇರೆ ವೇಗದಲ್ಲಿ ಹೊರಬರೋ ಹಾಗೆ ಮಾಡೋಕಾಗುತ್ತಾ? ಕಾರ್ಟಿಲೇಜ್ ಸ್ವಲ್ಪ ಗಟ್ಟಿಯಾಗೋವರೆಗೆ ನೋವಿನ ಔಷಧಿ ತಡವಾಗಿ ಬಂದ್ರೆ ಅಜ್ಜಿಯಂಥವರು ಅಷ್ಟು ದಿನ ಕಾಯ್ತಾರಾ? ಡ್ರಗ್ ಡೆಲಿವರಿ ಎಲೆಕ್ಟಿವ್ ತಗೊಂಡಿರೋ ಸೀನಿಯರ್‌ಗಳು ಯಾರಾದರೂ ಇದನ್ನ ಓದ್ತಿದ್ರೆ ದಯವಿಟ್ಟು ಶುಕ್ರವಾರ ಸಂಘದ ಮೀಟಿಂಗ್‌ಗೆ ಬನ್ನಿ, ಕೆಡಿ ಲೆಕ್ಕ ಹಿಡಿದುಕೊಂಡು ಕೂರೋಣ.